26 ಕೆಜಿ ಗೋಣಿ ಯಾಕೆ? ನಮ್ಮ ಕುಚ್ಚಲಕ್ಕಿ ಗ್ರಾಹಕರಿಗೊಂದು ಪತ್ರ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿನಿಂದ ನಮ್ಮ ಮಿಲ್ಲಿನ 5 ಮತ್ತು 10 ಕೆಜಿ ಚೀಲಗಳು ಸಿಗುವುದಿಲ್ಲ. ಅಕ್ಕಿ ಅದೇ, ಎಂಒ4 ಎಂಬ ತಳಿಯ ಭತ್ತದ ಕುಚ್ಚಲಕ್ಕಿ. ಇನ್ನು 26 ಕೆಜಿ ಗೋಣಿ ತೆಗೆದುಕೊಳ್ಳಬಹುದು, ಇಲ್ಲವೇ ನಿಮ್ಮೆದುರೇ ತೂಗಿ ಕೊಡುವ ಬಿಡಿ ಅಕ್ಕಿ.

ಅದೇನು 26, 25 ಆಗುವುದಿಲ್ವಾ ಅಂತ ಕೇಳಿದವರೆಲ್ಲ ನಗುತ್ತಾರೆ. 2022ರ ಜುಲೈ 18ರಿಂದ, ಮೊದಲೇ ತುಂಬಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ 5% ಜಿಎಸ್‌ಟಿ ಉಂಟು. ಅದಕ್ಕಿಂತ ದೊಡ್ಡದಕ್ಕೆ ಇಲ್ಲ. ಬಿಡಿಯಾಗಿ ಕೊಟ್ಟರೂ ಇಲ್ಲ. ಅಂದರೆ ಮದುವೆ ಮನೆಗೆ 50 ಕೆಜಿ ಗೋಣಿ ಒಯ್ಯುವವರಿಗೆ ತೆರಿಗೆ ಇಲ್ಲ, ಒಬ್ಬರೇ ಇರುವ ಅಜ್ಜಿ ಗಂಜಿಗೆ ತರಿಸುವ 5 ಕೆಜಿ ಚೀಲಕ್ಕೆ ಉಂಟು! ನಮ್ಮ ಅಜ್ಜ ಬೈಹುಲ್ಲಿನಲ್ಲಿ 42 ಸೇರಿನ ಅಕ್ಕಿ ಮುಡಿ ಕಟ್ಟುತ್ತಿದ್ದರು. ಅದು 25 ಕೆಜಿ ದಾಟುತ್ತದೆ, ಈಗ ಕಟ್ಟಿದರೂ ತೆರಿಗೆಯಿಂದ ಪಾರು ಮಾರಾಯ್ರೇ.

ಇಷ್ಟು ವರ್ಷ ತೆರಿಗೆ ಇರುವ ಅಕ್ಕಿಗೊಂದು, ಇಲ್ಲದ್ದಕ್ಕೊಂದು ಅಂತ ಎರಡೆರಡು ಲೆಕ್ಕ ಬರೆದೆವು. ಚೀಲದ ಮೇಲಿನ ಅಂಕಿ ಎಷ್ಟು ಮಿಲಿಮೀಟರ್ ಎತ್ತರ ಇರಬೇಕು ಎಂಬುದಕ್ಕೂ ನಿಯಮ ಉಂಟು, ಅದನ್ನೂ ಪಾಲಿಸಿದೆವು. ಈಗ ಸಾಕಾಯಿತು.

ದರದ ಲೆಕ್ಕ ಹೇಳಿಬಿಡುತ್ತೇವೆ. 10 ಕೆಜಿ ಚೀಲಕ್ಕೆ 600 ರೂಪಾಯಿ, ತೆರಿಗೆ 30, ಒಟ್ಟು 630 ಇತ್ತು. ಬಿಡಿ ಅಕ್ಕಿ ಕಿಲೋಗೆ 60 ಅಲ್ಲ, 61. ತೆರಿಗೆ ಇಲ್ಲದ ಅಕ್ಕಿ ಮಾರಿದರೆ ಗೋಣಿಗೆ ನಾವು ಕಟ್ಟಿದ ಜಿಎಸ್‌ಟಿ ವಾಪಸು ಸಿಗುವುದಿಲ್ಲ. ಆ ಒಂದು ರೂಪಾಯಿ ಅದಕ್ಕೆ. ಹಾಗಾಗಿ "ತೆರಿಗೆ ಇಲ್ಲ" ಅನ್ನುವುದೂ ಪೂರ್ತಿ ನಿಜ ಅಲ್ಲ.

ಸರ್ಕಾರವೇ ಬೇಡ ಅನ್ನುವವರು ನಾವಲ್ಲ. ನಮ್ಮ ತಕ್ಕಡಿಗೆ ತೂಕ-ಅಳತೆ ಇಲಾಖೆಯ ಮುದ್ರೆ ಉಂಟು, ಅದು ಇರಲೇಬೇಕು. ಆದರೆ ಒಂದು ಮನೆ ಎಷ್ಟು ದೊಡ್ಡ ಚೀಲ ಒಯ್ಯಬೇಕು ಎಂಬುದು ಆ ಮನೆಯವರಿಗೇ ಗೊತ್ತು ಅಲ್ವಾ? ರಫ್ತಿನದ್ದೂ ಇದೇ ಕತೆ. ದೇಶದೊಳಗೆ ಬೆಲೆ ಏರಬಾರದೆಂದು 2023ರ ಆಗಸ್ಟ್‌ನಲ್ಲಿ ಕುಚ್ಚಲಕ್ಕಿ ರಫ್ತಿಗೆ 20% ಸುಂಕ ಹಾಕಿದರು, 2024ರ ಅಕ್ಟೋಬರ್‌ನಲ್ಲಿ ತೆಗೆದರು. ಗದ್ದೆಯವನಿಗೆ ಒಳ್ಳೆಯ ದರ ಸಿಗುವ ಹೊತ್ತಿಗೇ ಬಾಗಿಲು ಅರ್ಧ ಮುಚ್ಚಿದ ಹಾಗೆ. ಹೀಗಾದರೆ ಬೇಸಾಯ ನಿಲ್ಲಿಸಿ ಗದ್ದೆ ಹಡಿಲು ಬಿಡದೆ ಏನು ಮಾಡುತ್ತಾರೆ?

ಮನೆಗೆ ತರಿಸುವವರಿಗೆ ಒಂದು ಮಾತು. ತುಂಬಿಟ್ಟ ಸಣ್ಣ ಚೀಲ ಇನ್ನು ಕಳಿಸಲಾಗುವುದಿಲ್ಲ. ಅದರ ಬದಲು ಶನಿವಾರ ನಮ್ಮ ಗಾಡಿಯಲ್ಲೇ ತಕ್ಕಡಿ ಬರುತ್ತದೆ. ಉಡುಪಿ, ಮಣಿಪಾಲದಲ್ಲಿ ನಿಮ್ಮ ಬಾಗಿಲಲ್ಲೇ ತೂಗಿ ಕೊಡುತ್ತೇವೆ, 2 ಕೆಜಿ ಆದರೂ ಸರಿ. ಡಬ್ಬವೋ ಚೀಲವೋ ನಿಮ್ಮದೇ ಇರಲಿ. ಗೋಣಿ ಬೇಕು, ಆದರೆ ಜಾಸ್ತಿಯಾಯ್ತು ಅನಿಸಿದರೆ ಪಕ್ಕದ ಮನೆಯವರನ್ನು ಸೇರಿಸಿಕೊಳ್ಳಿ.

ಉಳಿದಿರುವ 10 ಕೆಜಿ ಚೀಲಗಳು ಮುಗಿಯುವವರೆಗೆ ಹಳೆಯ ದರವೇ. ನಮ್ಮ ಹೆಸರು ಅಚ್ಚಾದ ಖಾಲಿ ಚೀಲ ರಾಶಿ ಬಿದ್ದಿದೆ. ತೆಂಗಿನಕಾಯಿ ತುಂಬಲು ಬೇಕಾದವರು ಬಂದು ಸುಮ್ನೆ ಒಯ್ಯಬಹುದು.

ಇಂತಿ ನಿಮ್ಮ,
ಮಿಲ್ಲಿನವರು