ಹಳೇ ಫಿಯಟ್‌ನ್ಯಾಗ ಹಾಡು ಹಾಕಸ್ರಿ, ಡ್ಯಾಶ್‌ಬೋರ್ಡ್ ಮಾತ್ರ ಕೊಯ್ಸಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ರವಿವಾರ ನಿಮ್ಮ ಪೇಪರ್‌ನ್ಯಾಗ ಹಳೇ ಕಾರ್ ರೆಡಿ ಮಾಡಿಸಿದವರ ಬಗ್ಗೆ ಬರದಿದ್ರಿ, ಫೋಟೋ ಭಾಳ ಚಂದ ಬಂದಿತ್ತು, ಬಣ್ಣ ಅಂತೂ ಮುಖ ಕಾಣೂವಂಗ ಹೊಳೀತಿತ್ತು. ಆದ್ರ ಅದ ಫೋಟೋದಾಗ ಡ್ಯಾಶ್‌ಬೋರ್ಡ್ ನಡುವ ದೊಡ್ಡ ಟಚ್ ಸ್ಕ್ರೀನ್ ಕೂಡಿಸಿದ್ದು ನೋಡಿ ಹೊಟ್ಟ್ಯಾಗ ಸಂಕಟ ಆತ್ರಿ. ಅಷ್ಟು ದೊಡ್ಡ ಸ್ಕ್ರೀನ್ ಅಲ್ಲಿ ಕೂಡಬೇಕಂದ್ರ ತಗಡು ಕೊಯ್ಯದ ದಾರಿ ಇಲ್ಲ. ನಮ್ಮ ಗಾಡೀಗೂ ಹಂಗ ಆಗೈತಿ, ಅದಕ್ಕ ಬರ್ಯಾಕ ಕುಂತೀನಿ.

ನಮ್ಮದು 1969ರ ಫಿಯಟ್ 1100. ಮುಂಬೈ ಕುರ್ಲಾದಾಗ ಪ್ರೀಮಿಯರ್ ಕಂಪನಿಯವರು ಮಾಡ್ತಿದ್ರಲ್ಲ, ಮುಂದ ಪದ್ಮಿನಿ ಅಂತ ಹೆಸರಾತು, ಆ ಗಾಡಿ. ಸ್ಟಿಯರಿಂಗ್ ಬಾಜೂ ಗೇರ್, ಮುಂದ ಉದ್ದನ್ನ ಸೋಫಾದಂಥಾ ಸೀಟು. ಆಲಮಟ್ಟಿ ಹಿನ್ನೀರು ಬರ್ತೈತಿ ಅಂತ ಹಳೇ ಬಾಗಲಕೋಟೆದಾಗಿನ ಮನಿ ಬಿಟ್ಟು ನವನಗರಕ್ಕ ಬರುವಾಗ ಅವ್ವನ ಹೊಲಿಗಿ ಮಷೀನು, ದೇವರ ಜಗಲಿಯಾಗಿನ ಸಾಮಾನು ಎಲ್ಲಾ ಇದರ ಹಿಂದಿನ ಸೀಟಿನ ಮ್ಯಾಲೆ ಬಂದಾವು. ಆಮ್ಯಾಲೆ ಗಾಡಿ ಭಾಳ ವರ್ಷ ಶೆಡ್‌ನ್ಯಾಗ ನಿಂತಿತ್ತು. ಅಪ್ಪಾರು ತೀರಿಕೊಂಡ ಮ್ಯಾಲೆ ನಾ ಅದನ್ನ ಮತ್ತ ರೋಡಿಗೆ ತರಬೇಕಂತ ಎರಡು ವರ್ಷ ಒದ್ದಾಡಿ ಇಂಜಿನ್, ಬ್ರೇಕ್, ಪೇಂಟ್ ಎಲ್ಲಾ ಮಾಡಿಸಿದೆ, ಕಡೀಗೆ ಉಳಿದದ್ದು ಒಳಗಿನ ಕೆಲಸ, ಅಂದ್ರ ಸೀಟು ಮತ್ತ ಮ್ಯೂಜಿಕ್.

ಬೆಳಗಾವಿದಾಗ ಒಂದು ಅಂಗಡ್ಯಾಗ ಬಿಟ್ಟೆ. ಹೊಸ ಸ್ಟೀರಿಯೋ ಗ್ಲೋವ್ ಬಾಕ್ಸ್ ಒಳಗ ಕೂಡಸ್ರಿ ಅಂತ ಬಾಯಿ ಬಿಟ್ಟು ಹೇಳಿದ್ದೆ. ನಾ ಊಟ ಮಾಡಿ ಬರೂದ್ರಾಗ ಅಪ್ಪಾರ ರೇಡಿಯೋ ಕಿತ್ತು ಬದೀಗೆ ಇಟ್ಟು, ಆ ಸಂದು ಸಾಲಂಗಿಲ್ಲ ಅಂತ ಗ್ರೈಂಡರ್‌ನಿಂದ ಡ್ಯಾಶ್‌ಬೋರ್ಡ್ ಕೊಯ್ದು ಬಿಟ್ಟಿದ್ರು. ಕೊಯ್ದ ತಗಡು ನೆಲದ ಮ್ಯಾಲೆ ಬಿದ್ದಿತ್ತು, ಅದರ ಹಿಂದಿನ ಮಗ್ಗಲಕ್ಕ ಇನ್ನಾ ಹಳೇ ಬಣ್ಣ ಇತ್ತು. ಅದನ್ನ ಎತ್ತಿ ಕಿಸೇದಾಗ ಇಟ್ಕೊಂಡೆ, ಜಗಳ ಆಡೂ ಶಕ್ತೀನೂ ಉಳೀಲಿಲ್ಲ.

ಅಷ್ಟಕ್ಕ ಮುಗೀಲಿಲ್ಲ. ವಾಪಸ್ ಬರುವಾಗ ಯರಗಟ್ಟಿ ದಾಟಿ ಲೋಕಾಪುರ ಸಮೀಪ ಬಂದಾಗ ರಬ್ಬರ್ ಸುಟ್ಟ ವಾಸನಿ ಬಂತು, ಬಾನೆಟ್ ಎತ್ತಿದ್ರ ಹೊಗಿ. ಸ್ಪೀಕರಿನ ಸದ್ದು ಏರಿಸೂ ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ಸೀದಾ ವೈರ್ ಎಳದಿದ್ರು, ನಡುವ ಫ್ಯೂಸ್ ಅನ್ನೂದ ಇಲ್ಲ, ಇಂಜಿನ್ ಹಿಂದಿನ ತಗಡಿಗೆ ತೂತು ಹೊಡದು ವೈರ್ ಹಂಗ ತೂರಿಸಿದ್ರು, ತೂತಿಗೆ ರಬ್ಬರ್ ಬುಶ್ ಹಾಕಿರಲಿಲ್ಲ, ಗಾಡಿ ಅಲುಗಾಡಿ ಅಲುಗಾಡಿ ತಗಡಿನ ಅಂಚು ವೈರಿನ ತೊಗಲು ಹರದು ಶಾರ್ಟ್ ಆಗಿತ್ತು. ಡಿಕ್ಕ್ಯಾಗ ಹತ್ತು ನಂಬರ್ ಪಾನಾ ಇತ್ತಂತ ಬ್ಯಾಟರಿ ಟರ್ಮಿನಲ್ ಬಿಚ್ಚಿದೆ, ಗಾಡಿ ಉಳೀತು. ಪೆಟ್ರೋಲ್ ಪೈಪ್ ಅಲ್ಲಿಂದ ಗೇಣು ದೂರ ಇತ್ರಿ.

ಯಾರಿಗೂ ಹಾಡು ಕೇಳಬ್ಯಾಡ್ರಿ ಅಂತ ನಾ ಹೇಳೂದಿಲ್ಲ, ನನಗೂ ಹಾಡು ಬೇಕು. ಆದ್ರ ಹಳೇ ಗಾಡಿಯ ಕರೆಂಟ್ ಲೆಕ್ಕ ಬ್ಯಾರೆ. 400 ವ್ಯಾಟ್ ಎಳಿಯೂ ಆಂಪ್ಲಿಫೈಯರ್ ಅಂದ್ರ 12 ವೋಲ್ಟಿನ್ಯಾಗ 33 ಆಂಪಿಯರ್ ಆತು. ಇಂಜಿನ್ ಜೋಡಿ ತಿರುಗಿ ಕರೆಂಟ್ ಮಾಡೂ ಹಳೇ ಡೈನಮೋ ಇರೂ ಗಾಡಿ ಸಿಗ್ನಲ್‌ನ್ಯಾಗ ನಿಂತಾಗ ಹೆಡ್‌ಲೈಟ್ ಸಹಿತ ಮಂದ ಆಗ್ತಾವು, ಅದು ಇಷ್ಟು ಎಲ್ಲಿಂದ ಕೊಡಬೇಕು? ನಾ ಆಮ್ಯಾಲೆ ನಮ್ಮೂರ ಎಲೆಕ್ಟ್ರಿಶಿಯನ್ ಕಡೆ ಡೈನಮೋ ತಗಿಸಿ, ಇಂಜಿನ್ ನಿಧಾನ ತಿರುಗಿದ್ರೂ ಹೆಚ್ಚು ಕರೆಂಟ್ ಕೊಡೂ ಆಲ್ಟರ್ನೇಟರ್ ಕೂಡಿಸಿದೆ, ಡೈನಮೋ ಚೀಲದಾಗ ಕಟ್ಟಿ ಇಟ್ಟೀನಿ, ಬೇಕಾದಾಗ ಮತ್ತ ಹಾಕಬಹುದು. ಆಂಪ್ಲಿಫೈಯರ್ ಸಣ್ಣದು, ಸೀಟಿನ ಕೆಳಗ. ಬ್ಯಾಟರಿಯಿಂದ ಗೇಣು ಅಂತರದಾಗ ಫ್ಯೂಸ್. ಹಿಂದಿನ ಸ್ಪೀಕರ್‌ಗೆ ಮೂಲ ಹಲಗಿ ತಗದು ಇಟ್ಟು ಅದ ಅಳತಿಯ ಪ್ಲೈವುಡ್ ಕೊಯ್ಸಿ ಅದರಾಗ ತೂತು ಮಾಡಿಸಿದೆ. ಈ ಸಲದ ಕೆಲಸಕ್ಕ ಗಾಡಿಗೆ ಒಂದೂ ಹೊಸ ತೂತಿಲ್ಲ.

ರೇಡಿಯೋ ಕತಿ ಹೇಳಲೇಬೇಕು. ಅಪ್ಪಾರ ಹಳೇ ರೇಡಿಯೋ ಬಾಯಿಗೆ ಸರಿಯಾಗಿ, ಕೊಯ್ದ ಜಾಗಕ್ಕ ಬ್ಯಾರೆ ತಗಡು ಬೆಸದು ಮುಚ್ಚಿಸಿ, ರೇಡಿಯೋ ಒಳಗ ಒಂದು ಸಣ್ಣ ಬ್ಲೂಟೂತ್ ಬೋರ್ಡ್ ಹಾಕಿಸಿದೆ. ಹೊರಗ ಅದ ಗುಂಡಿ, ಅದ ಮುಳ್ಳು. ಮೊದಲ ಇಂಜಿನ್ ಚಾಲೂ ಮಾಡಿದ್ರ ಟರ್ ಟರ್ ಅಂತಿತ್ತು, ಪ್ಲಗ್ಗಿನ ಕಿಡಿ ಸದ್ದು ಅದು, ಪ್ಲಗ್ಗಿಗೆ ಆ ಸದ್ದು ತಡಿಯೂ ಸಪ್ರೆಸರ್ ಕ್ಯಾಪ್ ಹಾಕಿ ಅರ್ಥಿಂಗ್ ಜಾಗದಾಗ ಬಣ್ಣ ಕೆರದು ಟೈಟ್ ಮಾಡಿದ ಮ್ಯಾಲೆ ನಿಂತಿತು. ಈಗ ಮುಂಜಾನೆ ಗುಂಡಿ ತಿರುವಿದ್ರ ಧಾರವಾಡ ಆಕಾಶವಾಣಿ 765ರಾಗ ಸಿಗ್ತೈತಿ, ಮೊಬೈಲಿನ ಹಾಡೂ ಅದ ಡಬ್ಬಿಯಿಂದ ಬರ್ತಾವು. ಮೊದಲ ಸಲ ಕೇಳಿದಾಗ ಅವ್ವ ಬಾಗಲಾ ತಗದು ಒಳಗ ಕುಂತು ಹತ್ತು ನಿಮಿಷ ಇಳೀಲಿಲ್ಲ.

ಸೀಟಿಗೆ ನಮ್ಮ ಓಣಿ ಕುಶನ್ ಅಂಗಡಿಯಾಂವ ಹಳೇ ನಾರು ತಗದು ಸ್ಪ್ರಿಂಗ್ ಕಟ್ಟಿ ರೆಕ್ಸಿನ್ ಹೊಲದ, ಬಾಗಲದ ಪ್ಯಾನಲ್‌ಗೆ ಮಾತ್ರ ಗುಳೇದಗುಡ್ಡ ಖಣದ ಎರಡು ಬೆರಳು ಅಗಲದ ಪಟ್ಟಿ ಕೂಡಿಸಿದ. ಖಣ ಬಿಸಲಿಗೆ ಬಣ್ಣ ಬಿಡತೈತಿ, ಇಡೀ ಸೀಟಿಗೆ ಹಾಕಬ್ಯಾಡ್ರಿ. ಸದ್ದು ಕಡಿಮಿ ಆಗಾಕ ಬಾಗಲ ಒಳಗ ಡ್ಯಾಂಪಿಂಗ್ ಶೀಟ್ ಅಂಟಿಸೂವಾಗ ತಳದಾಗಿನ ನೀರು ಹೋಗೂ ತೂತು ಮುಚ್ಚಬ್ಯಾಡ್ರಿ, ಇಡೀ ತಗಡು ಹೊದಿಸೂದೂ ಬ್ಯಾಡ, ಕಾಲು ಭಾಗ ಸಾಕಾಗ್ತೈತಿ. ನೆಲದ ತುಕ್ಕು ತಗದು ರೆಡ್ ಆಕ್ಸೈಡ್ ಹೊಡೀಲಾರದ ಕಾರ್ಪೆಟ್ ಹಾಕಿದ್ರ ಅದರ ಕೆಳಗಿನ ಫೆಲ್ಟ್ ನೀರು ಹಿಡದು ಮ್ಯಾಲೆ ಚಂದ ಕಂಡ್ರೂ ಕೆಳಗ ತಗಡು ಜಾಲರಿ ಆಗಿರ್ತೈತಿ.

ಇನ್ನೊಂದು ಮಾತು. 2021ರಾಗ ಕೇಂದ್ರ ಸರಕಾರ ವಿಂಟೇಜ್ ಗಾಡಿಗೆ ನಿಯಮ ಮಾಡೈತಿ, ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ಚಾಸಿ (ಗಾಡಿ ಹೊರೂ ಅಡಿ ಚೌಕಟ್ಟು), ಬಾಡಿ ಶೆಲ್, ಇಂಜಿನ್ ದೊಡ್ಡ ಬದಲಾವಣಿ ಇಲ್ಲದ ಮೂಲ ರೂಪದಾಗ ಇರಬೇಕು, ಆಗ ನಂಬರಿನ ನಡುವ ವಿಎ ಅಂತ ಬರತೈತಿ. ಫಿಯಟ್‌ಗೆ ಬ್ಯಾರೆ ಚಾಸಿ ಇಲ್ಲ, ಬಾಡೀನ ಚಾಸಿ. ತಗಡಿಗೆ ಗ್ರೈಂಡರ್ ಹಚ್ಚೂ ಮುಂದ ಇಷ್ಟು ತಲ್ಯಾಗ ಇರಲಿ.

ಸಂಪಾದಕರ, ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಹಿಂತಾ ಗಾಡಿ ಬಗ್ಗೆ ಬರಿಯುವಾಗ ಬಣ್ಣದ ಜೋಡಿ ಬಾನೆಟ್ ಎತ್ತಿಸಿ ಬ್ಯಾಟರಿ ಹಂತೇಕ ಫ್ಯೂಸ್ ಐತೋ ಇಲ್ಲೋ ಅದರದೂ ಒಂದು ಫೋಟೋ ಹಾಕ್ರಿ.

ಇಂತಿ ನಿಮ್ಮ ಓದುಗ,
ನವನಗರ, ಬಾಗಲಕೋಟೆ