ಸರ್ಟಿಫಿಕೇಟ್ ಜೊತೆಗೆ ಪ್ಯಾಕೆಟ್ ಓದುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಶಿಕ್ಷಣ ಮತ್ತು ಉದ್ಯೋಗ ಪುಟಗಳಲ್ಲಿ ಕಂಪ್ಯೂಟರ್ ನೆಟ್‌ವರ್ಕಿಂಗ್ ಬಗ್ಗೆ ಬರುವ ಸಲಹೆಗಳು ಹೆಚ್ಚಾಗಿ ಯಾವ ಸರ್ಟಿಫಿಕೇಟ್ ಮೊದಲು, ಯಾವುದು ಆಮೇಲೆ ಎಂಬಲ್ಲಿಗೇ ಮುಗಿಯುತ್ತವೆ. ಸಿಸಿಎನ್ಎ, ನೆಟ್‌ವರ್ಕ್ ಪ್ಲಸ್‌ನಂತಹ ಪರೀಕ್ಷೆಗಳು ಬೇಡವೆಂದು ನಾವು ಹೇಳುವುದಿಲ್ಲ. ಸಬ್‌ನೆಟ್ (ವಿಳಾಸ ಹಂಚಿಕೆ) ಲೆಕ್ಕ, ಸ್ವಿಚಿಂಗ್, ರೂಟಿಂಗ್ ಎಲ್ಲವನ್ನೂ ಒಂದು ಕ್ರಮದಲ್ಲಿ ಓದಿಸಲು ಆ ಪಠ್ಯಕ್ರಮಗಳು ಚೆನ್ನಾಗಿವೆ. ಆದರೆ ಪರೀಕ್ಷೆಯಲ್ಲಿ ಹೆಚ್ಚಿನ ಕಡೆ ಪ್ರಶ್ನೆಯೊಳಗೇ ಉತ್ತರದ ಸುಳಿವು ಇರುತ್ತದೆ, ಆಯ್ಕೆಗಳೂ ಕಣ್ಣೆದುರಿಗೇ ಇರುತ್ತವೆ. ಕೆಲಸದಲ್ಲಿ ಬರುವ ದೂರು ‘ನೆಟ್ ಸ್ಲೋ ಇದೆ’ ಎಂಬುದಷ್ಟೇ. ಅಷ್ಟರಿಂದ ಹೊರಟು, ತಪ್ಪು ಕೇಬಲ್‌ನಲ್ಲಿದೆಯೋ, ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್ಎಸ್‌ನಲ್ಲೋ, ಫೈರ್‌ವಾಲ್‌ನಲ್ಲೋ, ಸರ್ವರ್‌ನಲ್ಲೇ ಇದೆಯೋ ಎಂದು ತೀರ್ಮಾನಕ್ಕೆ ಬರಬೇಕು. ಒಂದು ಸಣ್ಣ ನೆಟ್‌ವರ್ಕನ್ನು ಕೈಯಾರೆ ಕಟ್ಟಿ, ಬೇಕೆಂದೇ ಕೆಡಿಸಿ, ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಸಾಗುವ ಡೇಟಾದ ತುಣುಕು) ಎಲ್ಲಿಯವರೆಗೆ ಬಂತು ಎಂದು ಕಣ್ಣಾರೆ ನೋಡಿದವರಿಗೆ ಮಾತ್ರ ಇದು ಕೈವಶವಾಗುತ್ತದೆ.

ಇದಕ್ಕೆ ರೂಟರ್, ಸ್ವಿಚ್‌ಗಳನ್ನು ಕೊಳ್ಳಬೇಕಾಗಿಲ್ಲ. ಲಿನಕ್ಸ್ ಇರುವ ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ನೆಟ್‌ವರ್ಕ್ ಉಪಕರಣ ತಯಾರಿಸುವ ಸಿಸ್ಕೋ ಕಂಪನಿಯ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಆರಂಭಕ್ಕೆ ಒಳ್ಳೆಯದೇ, ಆದರೆ ಅದು ಅನುಕರಣೆ. ನಿಜವಾದ ಉಪಕರಣದ ಎಲ್ಲ ಕಮಾಂಡ್‌ಗಳೂ ಅದರಲ್ಲಿಲ್ಲ, ಡೇಟಾವನ್ನು ಖಾತರಿಯಿಂದ ತಲುಪಿಸುವ ನಿಯಮಾವಳಿಯಾದ ಟಿಸಿಪಿಯ ನಿಜವಾದ ವರ್ತನೆಯೂ ಕಾಣುವುದಿಲ್ಲ. ಒಂದೇ ಯಂತ್ರದೊಳಗೆ ಬೇರೆ ಬೇರೆ ಯಂತ್ರಗಳಿರುವಂತೆ ಮಾಡುವ ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್ ಹಾಗಲ್ಲ. ಪ್ರತಿ ನೇಮ್‌ಸ್ಪೇಸ್‌ಗೂ ತನ್ನದೇ ಇಂಟರ್‌ಫೇಸ್, ತನ್ನದೇ ರೂಟಿಂಗ್ ಟೇಬಲ್, ತನ್ನದೇ ಫೈರ್‌ವಾಲ್ ಇರುತ್ತದೆ. ಕ್ಲೈಂಟ್, ರೂಟರ್, ಸರ್ವರ್ ಎಂದು ಮೂರು ನೇಮ್‌ಸ್ಪೇಸ್ ಮಾಡಿ. ವೀತ್ ಎಂಬ ಜೋಡಿ ಇಂಟರ್‌ಫೇಸ್ ಕೇಬಲ್‌ನ ಕೆಲಸ ಮಾಡುತ್ತದೆ. ಒಂದು ತುದಿಯನ್ನು ಕ್ಲೈಂಟ್‌ಗೂ ಇನ್ನೊಂದನ್ನು ರೂಟರ್‌ಗೂ ಕೊಡಿ, ಎರಡನೆಯ ಜೋಡಿಯನ್ನು ರೂಟರ್ ಮತ್ತು ಸರ್ವರ್ ನಡುವೆ ಎಳೆಯಿರಿ. ಕ್ಲೈಂಟ್ ಕಡೆಗೆ 10.0.1.0/24, ಸರ್ವರ್ ಕಡೆಗೆ 10.0.2.0/24 ವಿಳಾಸ ಶ್ರೇಣಿ ಕೊಡಿ.

ಇಷ್ಟು ಮಾಡಿ ಕ್ಲೈಂಟ್‌ನಿಂದ ಸರ್ವರ್‌ಗೆ ಪಿಂಗ್ (ಇದ್ದೀಯಾ ಎಂದು ಕೇಳುವ ಸಣ್ಣ ಪ್ಯಾಕೆಟ್) ಕೊಟ್ಟರೆ ಮೊದಲ ಸಲ ಉತ್ತರ ಬರುವುದಿಲ್ಲ. ಕಲಿಕೆ ಶುರುವಾಗುವುದೇ ಅಲ್ಲಿ. ಹೊಸ ಇಂಟರ್‌ಫೇಸ್‌ಗಳು ಹುಟ್ಟುವಾಗಲೇ ಡೌನ್ ಆಗಿರುತ್ತವೆ, ಎರಡೂ ತುದಿಗಳನ್ನು ಅಪ್ ಮಾಡಬೇಕು. ಕ್ಲೈಂಟ್‌ನಲ್ಲಿ ರೂಟ್ ಇಲ್ಲದಿದ್ದರೆ ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂಬ ಉತ್ತರ ಆ ಕ್ಷಣವೇ ಬರುತ್ತದೆ. ಅಂದರೆ ಪ್ಯಾಕೆಟ್ ಹೊರಟೇ ಇಲ್ಲ. ರೂಟರ್‌ನಲ್ಲಿ ಬಂದ ಪ್ಯಾಕೆಟ್ಟನ್ನು ಮುಂದಕ್ಕೆ ಕಳಿಸುವ ಐಪಿ ಫಾರ್ವರ್ಡಿಂಗ್ ಸಾಮಾನ್ಯವಾಗಿ 0 ಇರುತ್ತದೆ, ಅದನ್ನು 1 ಮಾಡಬೇಕು. ಇಷ್ಟೆಲ್ಲ ಸರಿಪಡಿಸಿದ ಮೇಲೂ ಉತ್ತರ ಬರದಿದ್ದರೆ ಸರ್ವರ್‌ನ ಇಂಟರ್‌ಫೇಸ್ ಮೇಲೆ, ಹಾದುಹೋಗುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿ. ಎಕೋ ರಿಕ್ವೆಸ್ಟ್ (ಪಿಂಗ್‌ನ ಪ್ರಶ್ನೆ) ಬಂದಿರುತ್ತದೆ, ರಿಪ್ಲೈ ಮಾತ್ರ ಹೊರಟಿರುವುದಿಲ್ಲ, ಏಕೆಂದರೆ ಸರ್ವರ್‌ಗೆ 10.0.1.0ಕ್ಕೆ ವಾಪಸ್ ಹೋಗುವ ರೂಟ್ ಗೊತ್ತಿಲ್ಲ. ದೊಡ್ಡ ದೊಡ್ಡ ನೆಟ್‌ವರ್ಕ್‌ಗಳಲ್ಲೂ ಪದೇ ಪದೇ ಕಾಡುವ ದೋಷ ಇದೇ. ಎಲ್ಲರೂ ಹೋಗುವ ದಾರಿಯನ್ನು ಪರಿಶೀಲಿಸುತ್ತಾರೆ, ಬರುವ ದಾರಿಯನ್ನು ಮರೆಯುತ್ತಾರೆ.

ಟಿಸಿಪಿಡಂಪ್ ಓಡಿಸುವಾಗ ಡ್ಯಾಶ್ ಎನ್ ಆಪ್ಷನ್ ಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಅದು ಪ್ರತಿ ಐಪಿ ವಿಳಾಸದ ಹೆಸರನ್ನೂ ಡಿಎನ್ಎಸ್‌ನಲ್ಲಿ ಹುಡುಕಲು ಹೊರಡುತ್ತದೆ. ಡಿಎನ್ಎಸ್ಸೇ ಕೆಟ್ಟಿರುವ ದಿನ ಪರದೆ ತಟಸ್ಥವಾಗಿ ನಿಲ್ಲುತ್ತದೆ. ಡ್ಯಾಶ್ ಡಬ್ಲ್ಯೂ ಕೊಟ್ಟು ಫೈಲ್‌ಗೆ ಬರೆಸಿ, ಆಮೇಲೆ ವೈರ್‌ಶಾರ್ಕ್ ತಂತ್ರಾಂಶದಲ್ಲಿ ನಿಧಾನವಾಗಿ ಓದುವುದು ಮೇಲು. ಹೊಸಬರು ಇಲ್ಲಿ ಮೂರು ಕಡೆ ಎಡವುತ್ತಾರೆ. ತಮ್ಮದೇ ಯಂತ್ರದಿಂದ ಹೊರಡುವ ಪ್ಯಾಕೆಟ್‌ಗಳಲ್ಲಿ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ತಪ್ಪೆಂದು ಕಂಡು ಗಾಬರಿಯಾಗುತ್ತಾರೆ. ಚೆಕ್‌ಸಮ್ ಲೆಕ್ಕವನ್ನು ನೆಟ್‌ವರ್ಕ್ ಕಾರ್ಡ್ ಮಾಡುವುದು ಕ್ಯಾಪ್ಚರ್ ಆದ ನಂತರ, ಹಾಗಾಗಿ ಅದು ದೋಷವಲ್ಲ. 1500 ಬೈಟ್‌ಗಿಂತ ದೊಡ್ಡ ಪ್ಯಾಕೆಟ್ ಕಾಣುವುದಕ್ಕೂ ಹೀಗೆ ಕೆಲಸವನ್ನು ಕಾರ್ಡ್‌ಗೆ ವಹಿಸುವ ಆಫ್‌ಲೋಡೇ ಕಾರಣ. ಮೂರನೆಯದಾಗಿ, ಸ್ವಿಚ್‌ನ ಯಾವುದೋ ಒಂದು ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಇಡೀ ಕಚೇರಿಯ ಟ್ರಾಫಿಕ್ ಕಾಣಲಿಲ್ಲವೆಂದು ನಿರಾಶರಾಗುತ್ತಾರೆ. ಸ್ವಿಚ್ ನಿಮಗೆ ಕೊಡುವುದು ನಿಮ್ಮ ಪಾಲಿನ ಫ್ರೇಮ್, ಬ್ರಾಡ್‌ಕಾಸ್ಟ್ ಇಂಥವನ್ನು ಮಾತ್ರ. ಬೇರೆ ಪೋರ್ಟ್ ನೋಡಬೇಕಾದರೆ ಅದರ ಟ್ರಾಫಿಕ್‌ನ ನಕಲು ನಿಮ್ಮ ಪೋರ್ಟ್‌ಗೆ ಬರುವಂತೆ ಪೋರ್ಟ್ ಮಿರರಿಂಗ್ ಮಾಡಬೇಕು.

ಕ್ಯಾಪ್ಚರ್ ಓದಲು ಬಂದರೆ ಎಷ್ಟೋ ವಾಗ್ವಾದಗಳು ನಿಮಿಷದಲ್ಲಿ ಮುಗಿಯುತ್ತವೆ. ಸಿನ್ (ಸಂಪರ್ಕ ಕೋರುವ ಮೊದಲ ಪ್ಯಾಕೆಟ್) ಹೋಯಿತು, ತಕ್ಷಣ ರೀಸೆಟ್ (ನಿರಾಕರಣೆ) ಬಂತು ಎಂದರೆ ಬಹುತೇಕ ಆ ಯಂತ್ರದವರೆಗೆ ದಾರಿ ಇದೆ, ಆ ಪೋರ್ಟ್ ಸಂಖ್ಯೆಯಲ್ಲಿ ಕೇಳುವ ಸೇವೆ ಯಾವುದೂ ಇಲ್ಲ. ಸಿನ್ ಮಾತ್ರ ಮತ್ತೆ ಮತ್ತೆ ಹೋಗುತ್ತಿದೆ, ಉತ್ತರವೇ ಇಲ್ಲ ಎಂದರೆ ನಡುವೆ ಯಾರೋ ಸದ್ದಿಲ್ಲದೆ ಬೀಳಿಸುತ್ತಿದ್ದಾರೆ, ಇಲ್ಲವೇ ವಾಪಸ್ ದಾರಿ ಇಲ್ಲ. ರೀಸೆಟ್ ಬಂದಾಗ ಸರ್ವರ್‌ನಲ್ಲಿ ಯಾವ ಸೇವೆ ಎಲ್ಲಿ ಕೇಳುತ್ತಿದೆ ಎಂದು ತೋರಿಸುವ ಎಸ್ಎಸ್ ಕಮಾಂಡ್ ಕೊಟ್ಟು ನೋಡಿ: ಸೇವೆ 127.0.0.1ರಲ್ಲಿ (ಯಂತ್ರ ತನ್ನನ್ನೇ ಕರೆಯುವ ವಿಳಾಸ) ಮಾತ್ರ ಕೇಳುತ್ತಿದ್ದರೆ, ಅದೇ ಯಂತ್ರದಲ್ಲಿ ಪರೀಕ್ಷಿಸಿದವರಿಗೆ ಎಲ್ಲವೂ ಸರಿ, ಹೊರಗಿನವರಿಗೆ ಏನೂ ಇಲ್ಲ. ಫೈರ್‌ವಾಲ್ ತಂಡ ಮತ್ತು ಸರ್ವರ್ ತಂಡ ಪರಸ್ಪರ ಬೊಟ್ಟು ಮಾಡುತ್ತ ಅರ್ಧ ದಿನ ಕಳೆಯುವುದು ಇಂಥ ವಿಷಯಕ್ಕೇ.

ಎಂಟಿಯು (ಒಂದು ಲಿಂಕ್ ಸಾಗಿಸಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ) ದೋಷವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪರೀಕ್ಷೆಗೆ ಓದಿದವರಿಗೆ ಅದರ ವ್ಯಾಖ್ಯೆ ಬಾಯಿಪಾಠ ಇರುತ್ತದೆ, ಎದುರಿಗೆ ಬಂದಾಗ ಗುರುತು ಸಿಗುವುದಿಲ್ಲ. ಲಕ್ಷಣ ಹೀಗಿರುತ್ತದೆ: ಪಿಂಗ್ ಸರಿ, ಲಾಗಿನ್ ಸರಿ, ದೊಡ್ಡ ಫೈಲ್ ಕಳಿಸಿದೊಡನೆ ಸಂಪರ್ಕ ಹಾಗೇ ನಿಂತುಬಿಡುತ್ತದೆ. ವಿಂಡೋಸ್‌ನ ಪಿಂಗ್ 32 ಬೈಟ್, ಲಿನಕ್ಸ್‌ನದು 56 ಬೈಟ್ ಡೇಟಾ ಮಾತ್ರ ಹೊತ್ತು ಹೋಗುತ್ತದೆ, ಆದ್ದರಿಂದ ಅದು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಈಥರ್ನೆಟ್‌ನಲ್ಲಿ ಐಪಿ ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್‌ವರೆಗೆ ಇರಬಹುದು. 20 ಬೈಟ್ ಐಪಿ ಹೆಡರ್, 8 ಬೈಟ್ ಐಸಿಎಂಪಿ (ಪಿಂಗ್, ದೋಷ ಸಂದೇಶಗಳನ್ನು ಒಯ್ಯುವ ನಿಯಮಾವಳಿ) ಹೆಡರ್ ಕಳೆದರೆ 1472. ತುಂಡು ಮಾಡಬೇಡ ಎಂಬ ಬಿಟ್ ಹಚ್ಚಿ 1472 ಗಾತ್ರದ ಪಿಂಗ್ ಕಳಿಸಿ. ವಿಂಡೋಸ್‌ನಲ್ಲಿ ಅದಕ್ಕೆ ಡ್ಯಾಶ್ ಎಫ್, ಗಾತ್ರಕ್ಕೆ ಡ್ಯಾಶ್ ಎಲ್. ಅದು ಹೋಗದೆ 1464ರವರೆಗೆ ಮಾತ್ರ ಹೋದರೆ ನಡುವೆ 1492ರ ಲಿಂಕ್ ಇದೆ. 8 ಬೈಟ್ ತಿನ್ನುವ ಪಿಪಿಪಿಒಇ (ಬ್ರಾಡ್‌ಬ್ಯಾಂಡ್ ಲಾಗಿನ್ ವಿಧಾನ) ಇದ್ದಲ್ಲಿ ಹೀಗಾಗುತ್ತದೆ. ವಿಪಿಎನ್ ಸುರಂಗವಾದರೆ ಇನ್ನೂ ಕಡಿಮೆ.

ಇಕ್ಕಟ್ಟಿನ ಲಿಂಕ್ ಇದ್ದರೆ ತಪ್ಪೇನಿಲ್ಲ. ‘ಇಷ್ಟು ದೊಡ್ಡದು ಹೋಗದು, ಸಣ್ಣದು ಕಳಿಸು’ ಎಂದು ರೂಟರ್ ಐಸಿಎಂಪಿ ಟೈಪ್ 3, ಕೋಡ್ 4 ಸಂದೇಶದ ಮೂಲಕ ತಿಳಿಸುತ್ತದೆ. ಭದ್ರತೆಯ ಹೆಸರಿನಲ್ಲಿ ಯಾರೋ ಐಸಿಎಂಪಿಯನ್ನು ಪೂರ್ತಿ ಮುಚ್ಚಿದ್ದರೆ ಆ ಮಾತು ಕಳುಹಿಸುವವನಿಗೆ ಮುಟ್ಟುವುದಿಲ್ಲ; ಅವನು ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತಾನೆ. ಇದನ್ನು ಲ್ಯಾಬ್‌ನಲ್ಲಿ ಮರುಸೃಷ್ಟಿಸಲು ಮೂರು ನೇಮ್‌ಸ್ಪೇಸ್ ಸಾಲದು, ನಾಲ್ಕು ಬೇಕು: ಕ್ಲೈಂಟ್, ಎರಡು ರೂಟರ್, ಸರ್ವರ್. ಎರಡು ರೂಟರ್‌ಗಳ ನಡುವಿನ ಲಿಂಕ್‌ನ ಎಂಟಿಯು 1400ಕ್ಕೆ ಇಳಿಸಿ, ಕ್ಲೈಂಟ್ ಬಳಿಯ ರೂಟರ್‌ನಲ್ಲಿ ಆ ಐಸಿಎಂಪಿ ಸಂದೇಶವನ್ನು ತಡೆಯಿರಿ, ಆಮೇಲೆ ಕ್ಲೈಂಟ್‌ನಿಂದ ಫೈಲ್ ಕಳಿಸಿ. ಮೂರೇ ಇಟ್ಟುಕೊಂಡು ಸರ್ವರ್‌ಗೆ ನೇರವಾಗಿ ತಗುಲಿದ ಲಿಂಕನ್ನೇ ಇಳಿಸಿದರೆ, ಸರ್ವರ್ ಸಂಪರ್ಕದ ಆರಂಭದಲ್ಲೇ ಕಡಿಮೆ ಎಂಎಸ್ಎಸ್ (ಒಂದು ಪ್ಯಾಕೆಟ್‌ನಲ್ಲಿ ಸ್ವೀಕರಿಸುವ ಗರಿಷ್ಠ ಟಿಸಿಪಿ ಡೇಟಾ) ಹೇಳಿಬಿಡುತ್ತದೆ, ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಪರಿಹಾರ ಎರಡು: ಆ ಐಸಿಎಂಪಿಯನ್ನು ಬಿಡುವುದು, ರೂಟರ್‌ನಲ್ಲಿ ಎಂಎಸ್ಎಸ್ ಕ್ಲ್ಯಾಂಪ್ ಮಾಡುವುದು (ಆ ಸಂಖ್ಯೆಯನ್ನು ದಾರಿಯಲ್ಲೇ ಇಳಿಸುವುದು). ಎರಡನೆಯದು ಟಿಸಿಪಿಗೆ ಮಾತ್ರ ಸಹಾಯ ಮಾಡುತ್ತದೆ, ಟಿಸಿಪಿಯಂತೆ ಸಂಪರ್ಕ ಕಟ್ಟದ ಯುಡಿಪಿ ಆಧಾರಿತ ಸೇವೆಗಳಿಗಲ್ಲ. ಹಾಗಾಗಿ ಮೊದಲನೆಯದನ್ನು ಬಿಟ್ಟು ಎರಡನೆಯದೊಂದನ್ನೇ ಮಾಡಿ ಕೈತೊಳೆದುಕೊಳ್ಳುವುದು ಸರಿಯಲ್ಲ.

‘ಸ್ಲೋ’ ಎಂಬ ದೂರಿಗೂ ಇದೇ ಲ್ಯಾಬ್ ಸಾಕು. ಟಿಸಿ ಕಮಾಂಡ್‌ನ ನೆಟೆಮ್ ಬಳಸಿ ಲಿಂಕ್‌ಗೆ 100 ಮಿಲಿಸೆಕೆಂಡ್ ವಿಳಂಬ, ಶೇ 1ರಷ್ಟು ನಷ್ಟ ಹಾಕಿ, ಐಪರ್ಫ್3ರಿಂದ ವೇಗ ಅಳೆಯಿರಿ. ಹೋಗಿ ಬರುವ ಸಮಯ 100 ಮಿಲಿಸೆಕೆಂಡ್ ಇದ್ದು ಟಿಸಿಪಿ ವಿಂಡೋ (ಉತ್ತರಕ್ಕೆ ಕಾಯದೆ ಕಳಿಸಬಹುದಾದ ಡೇಟಾ) 64 ಕಿಲೋಬೈಟ್‌ಗೆ ನಿಂತರೆ, ಪೈಪ್ ಎಷ್ಟೇ ದಪ್ಪವಿದ್ದರೂ ಒಂದು ಸಂಪರ್ಕಕ್ಕೆ ಸಿಗುವುದು ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್. ಬ್ಯಾಂಡ್‌ವಿಡ್ತ್ ಹೆಚ್ಚಿಸಿ ಎಂಬ ಸಲಹೆ ಅಲ್ಲಿ ಉಪಯೋಗಕ್ಕೆ ಬಾರದು. ಒಂದು ಎಚ್ಚರ: ನೆಟೆಮ್‌ನ ಸಾಲಿನಲ್ಲಿ ಡಿಫಾಲ್ಟ್ ಆಗಿ 1000 ಪ್ಯಾಕೆಟ್‌ಗಷ್ಟೇ ಜಾಗ. ವೇಗ ಹೆಚ್ಚಿದಾಗ ನೀವು ಕೇಳದ ನಷ್ಟವೂ ಸೇರಿಕೊಂಡು ಲೆಕ್ಕ ತಪ್ಪುತ್ತದೆ, ಲಿಮಿಟ್ ಹೆಚ್ಚಿಸಿಕೊಳ್ಳಿ.

ದಾರಿಯ ರೂಟರ್‌ಗಳನ್ನು ಒಂದೊಂದಾಗಿ ತೋರಿಸುವ ಟ್ರೇಸ್‌ರೂಟ್‌ನಲ್ಲಿ ನಡುವೆ ನಕ್ಷತ್ರ ಚಿಹ್ನೆ (ಉತ್ತರವಿಲ್ಲ) ಕಂಡ ಕೂಡಲೇ ಆ ರೂಟರನ್ನು ದೂರುವವರು ತುಂಬಾ ಜನ. ರೂಟರ್‌ಗಳು ತಮಗಾಗಿ ಬರುವ ಇಂಥ ಕೆಲಸಕ್ಕೆ ಮಿತಿ ಹಾಕಿಕೊಂಡಿರುತ್ತವೆ. ನಷ್ಟ ಆ ಹಂತದಿಂದ ಕೊನೆಯವರೆಗೂ ಮುಂದುವರಿದರೆ ಮಾತ್ರ ಅದು ನಿಜವಾದ ನಷ್ಟ. ವಿಂಡೋಸ್‌ನ ಟ್ರೇಸರ್ಟ್ ಐಸಿಎಂಪಿ ಕಳಿಸುತ್ತದೆ, ಲಿನಕ್ಸ್‌ನ ಟ್ರೇಸ್‌ರೂಟ್ ಡಿಫಾಲ್ಟ್ ಆಗಿ ಯುಡಿಪಿ ಕಳಿಸುತ್ತದೆ. ಒಂದೇ ದಾರಿಗೆ ಎರಡರ ಫಲಿತಾಂಶ ಬೇರೆ ಬೇರೆ ಬರಬಹುದು. ಡಿಎನ್ಎಸ್ ಪರೀಕ್ಷೆಯಲ್ಲೂ ಇಂಥದ್ದೊಂದು ಮೋಸವಿದೆ. ಡಿಗ್ ಕಮಾಂಡ್ ನೇರವಾಗಿ ಡಿಎನ್ಎಸ್ ಸರ್ವರನ್ನು ಕೇಳುತ್ತದೆ, ಯಂತ್ರದಲ್ಲಿರುವ ಹೆಸರು-ವಿಳಾಸಗಳ ಪಟ್ಟಿಯಾದ ಹೋಸ್ಟ್ಸ್ ಫೈಲ್ ನೋಡುವುದಿಲ್ಲ. ಬ್ರೌಸರ್ ಒಂದು ವಿಳಾಸಕ್ಕೆ, ಡಿಗ್ ಇನ್ನೊಂದು ವಿಳಾಸಕ್ಕೆ ಬೆರಳು ತೋರಿಸಿದರೆ, ಯಾರೋ ಎಂದೋ ಹೋಸ್ಟ್ಸ್ ಫೈಲ್‌ನಲ್ಲಿ ಬರೆದು ಮರೆತ ಸಾಲನ್ನು ಹುಡುಕಿ.

ಕೇಬಲ್ ಕೆಲಸವನ್ನು ಕೀಳಾಗಿ ಕಾಣುವ ಅಭ್ಯಾಸವೂ ಹೋಗಬೇಕು. 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಗಿಗಾಬಿಟ್ ಪೋರ್ಟ್ 100ರಲ್ಲಿ ನಿಂತಿದೆ ಎಂದು ಈಥ್‌ಟೂಲ್ ಕಮಾಂಡ್ ತೋರಿಸಿದರೆ, ಮೊದಲು ಆರ್‌ಜೆ45 ಕನೆಕ್ಟರ್‌ನ 4, 5, 7, 8ನೇ ಪಿನ್‌ಗಳನ್ನು ನೋಡಿ. ಕ್ರಿಂಪ್ ಮಾಡುವಾಗ ತಂತಿಯ ತಿರುವನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಒಂದು ತುದಿಯಲ್ಲಿ ಫುಲ್ ಡುಪ್ಲೆಕ್ಸ್ (ಏಕಕಾಲಕ್ಕೆ ಎರಡೂ ದಿಕ್ಕು) ಎಂದು ಕಟ್ಟಿಹಾಕಿ ಇನ್ನೊಂದನ್ನು ಆಟೋ ಬಿಟ್ಟರೆ, ಆಟೋ ಕಡೆ ಹಾಫ್ ಡುಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿಯುತ್ತದೆ. ಲಿಂಕ್ ದೀಪ ಉರಿಯುತ್ತಲೇ ಇರುತ್ತದೆ, ಒಂದು ಕಡೆ ಸಿಆರ್‌ಸಿ ದೋಷ (ಕೆಟ್ಟ ಫ್ರೇಮ್), ಇನ್ನೊಂದು ಕಡೆ ಲೇಟ್ ಕೊಲಿಷನ್ (ತಡವಾದ ಡಿಕ್ಕಿ) ಏರುತ್ತ ಹೋಗುತ್ತವೆ.

ದೂರದಿಂದ ಬದಲಾವಣೆ ಮಾಡುವ ಶಿಸ್ತನ್ನು ಯಾವ ಬಹು ಆಯ್ಕೆಯ ಪ್ರಶ್ನೆಯೂ ಅಳೆಯುವುದಿಲ್ಲ. ಸಿಸ್ಕೋ ಸ್ವಿಚ್‌ನ ಟ್ರಂಕ್‌ಗೆ (ಹಲವು ವಿಲ್ಯಾನ್‌ಗಳನ್ನು ಹೊರುವ ಲಿಂಕ್) ಹೊಸ ವಿಲ್ಯಾನ್ (ಸ್ವಿಚ್‌ನೊಳಗಿನ ಪ್ರತ್ಯೇಕ ನೆಟ್‌ವರ್ಕ್) ಸೇರಿಸುವಾಗ ‘ಆಡ್’ ಎಂಬ ಒಂದು ಪದ ಬಿಟ್ಟರೆ ಹಳೆಯ ವಿಲ್ಯಾನ್‌ಗಳ ಪಟ್ಟಿಯೆಲ್ಲ ಹೋಗಿ ಹೊಸದೊಂದೇ ಉಳಿಯುತ್ತದೆ. ನಿಮ್ಮ ಮ್ಯಾನೇಜ್‌ಮೆಂಟ್ ವಿಲ್ಯಾನ್ ಅದೇ ಟ್ರಂಕ್‌ನಲ್ಲಿದ್ದರೆ ನೀವೂ ಹೊರಗೆ. ಅದಕ್ಕೇ ಅಪಾಯದ ಬದಲಾವಣೆಗೆ ಮುನ್ನ ಈಗಿನ ಕಾನ್ಫಿಗರೇಶನ್ ಸೇವ್ ಮಾಡಿ, ‘ರೀಲೋಡ್ ಇನ್ 10’ (10 ನಿಮಿಷದ ಬಳಿಕ ತಾನೇ ರೀಸ್ಟಾರ್ಟ್) ಕೊಟ್ಟಿಟ್ಟುಕೊಳ್ಳಬೇಕು; ಎಲ್ಲ ಸರಿಯಿದ್ದರೆ ರೀಲೋಡ್ ರದ್ದು ಮಾಡಿ, ಆಮೇಲಷ್ಟೇ ಹೊಸದನ್ನು ಸೇವ್ ಮಾಡಬೇಕು. ಹೊಸದನ್ನು ಮೊದಲೇ ಸೇವ್ ಮಾಡಿಬಿಟ್ಟರೆ ರೀಲೋಡ್ ಆದ ಮೇಲೂ ತಪ್ಪೇ ಮರಳಿ ಬರುತ್ತದೆ. ಜೂನಿಪರ್‌ನಲ್ಲಿ ‘ಕಮಿಟ್ ಕನ್ಫರ್ಮ್ಡ್’ ಇದೇ ಕೆಲಸ ಮಾಡುತ್ತದೆ. ಡಿಫಾಲ್ಟ್ 10 ನಿಮಿಷದೊಳಗೆ ಖಚಿತಪಡಿಸದಿದ್ದರೆ ತಾನೇ ಹಿಂದಕ್ಕೆ ಹೋಗುತ್ತದೆ. ಕೆಲಸವನ್ನು ಸ್ವಯಂಚಾಲಿತಗೊಳಿಸಲು ಪೈಥಾನ್, ಆನ್ಸಿಬಲ್ ಕಲಿಯುವವರು ಮೊದಲು ಬರೆಯಬೇಕಾದ ಸ್ಕ್ರಿಪ್ಟ್ ಎಲ್ಲ ಉಪಕರಣಗಳ ಕಾನ್ಫಿಗರೇಶನ್ ದಿನವೂ ತೆಗೆದು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಡುವುದು. ಅದು ಓದುವ ಕೆಲಸ ಮಾತ್ರ, ಏನನ್ನೂ ಕೆಡಿಸುವುದಿಲ್ಲ. ನಿನ್ನೆ ಇಂದಿನ ನಡುವೆ ಏನು ಬದಲಾಯಿತೆಂಬ ಪ್ರಶ್ನೆಗೆ ಉತ್ತರ ಕೂಡಲೇ ಸಿಗುತ್ತದೆ.

ಎನ್‌ಮ್ಯಾಪ್‌ನಂತಹ ಸ್ಕ್ಯಾನರ್‌ಗಳನ್ನು ಸ್ವಂತ ಲ್ಯಾಬ್‌ನಲ್ಲೋ ಲಿಖಿತ ಅನುಮತಿ ಇರುವಲ್ಲೋ ಮಾತ್ರ ಬಳಸಬೇಕೆಂದು ಮೊದಲ ದಿನವೇ ಹೇಳಿಕೊಡಬೇಕು. ಕ್ಯಾಪ್ಚರ್ ಫೈಲ್‌ನಲ್ಲಿ ಇತರರ ಪಾಸ್‌ವರ್ಡ್, ಸಂದೇಶಗಳು ಸಿಕ್ಕಿಬೀಳಬಹುದು, ಅದನ್ನು ಕಂಡಕಂಡವರಿಗೆ ಕಳಿಸುವಂತಿಲ್ಲ ಎಂಬುದನ್ನೂ.

ತರಬೇತಿ ಸಂಸ್ಥೆಗಳಿಗೂ ಕೆಲಸ ಕೊಡುವವರಿಗೂ ನಮ್ಮ ಕೋರಿಕೆ ಇಷ್ಟೇ: ಉತ್ತರ ಸಮೇತ ಪ್ರಶ್ನೆಗಳ ಡಂಪ್ ಉರುಹೊಡೆಸುವುದನ್ನು ಬಿಡಿ. ಮೇಲಿನಂತಹ ನಾಲ್ಕು ನೇಮ್‌ಸ್ಪೇಸ್‌ನ ನೆಟ್‌ವರ್ಕ್ ಕಟ್ಟುವ ಸ್ಕ್ರಿಪ್ಟ್ ಒಂದನ್ನು ಬರೆದು, ಅದರಲ್ಲಿ ಎರಡು ದೋಷ ಅಡಗಿಸಿಡಿ. ಅಭ್ಯರ್ಥಿಗೆ 45 ನಿಮಿಷ ಕೊಡಿ, ಇಂಟರ್ನೆಟ್ ಮತ್ತು ಮ್ಯಾನ್ ಪುಟಗಳನ್ನು (ಕಮಾಂಡ್‌ಗಳ ಕೈಪಿಡಿ) ನೋಡಲು ಬಿಡಿ. ಕೆಲಸದಲ್ಲಿ ಯಾರೂ ಅವನ್ನು ಕಸಿದುಕೊಳ್ಳುವುದಿಲ್ಲ. ಕೊನೆಯಲ್ಲಿ ಒಂದು ಕ್ಯಾಪ್ಚರ್ ಫೈಲ್ ಮತ್ತು ಅರ್ಧ ಪುಟದ ಟಿಪ್ಪಣಿ ಕೇಳಿ: ಲಕ್ಷಣ ಏನಿತ್ತು, ಯಾವ ಪ್ಯಾಕೆಟ್‌ನಿಂದ ಕಾರಣ ತಿಳಿಯಿತು, ಏನು ಬದಲಿಸಿದಿರಿ, ಸರಿಹೋಯಿತೆಂದು ಹೇಗೆ ಖಚಿತಪಡಿಸಿಕೊಂಡಿರಿ. ದೋಷ ಸಿಗದಿದ್ದರೂ ಎಲ್ಲೆಲ್ಲಿ ಇಲ್ಲ ಎಂಬುದನ್ನು ಪುರಾವೆ ಸಹಿತ ತೋರಿಸಿದವರಿಗೆ ಅರ್ಧಕ್ಕಿಂತ ಹೆಚ್ಚು ಅಂಕ ಕೊಡಿ. ಕಾರಣ ತಿಳಿಯದೆ ಎಲ್ಲವನ್ನೂ ರೀಸ್ಟಾರ್ಟ್ ಮಾಡಿ ಸರಿಪಡಿಸಿದವರಿಗೆ ಕೊಡಬೇಡಿ.

ಇತಿ,
ನೆಟ್‌ವರ್ಕ್ ನಿರ್ವಹಣೆಯಲ್ಲಿ ತೊಡಗಿರುವ ಓದುಗರು