ವೀರಗಲ್ಲಿಗೆ ಕಾರ್ಬನ್ ಡೇಟಿಂಗ್ ಮಾಡಿಸಿ ಪ್ರಯೋಜನವಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಸೊರಬ ತಾಲೂಕಿನ ಒಂದು ವೀರಗಲ್ಲಿನ ಸುದ್ದಿ ಬಂದಿತ್ತು. ಗದ್ದೆ ಬದುವಿನಲ್ಲಿ ಸಿಕ್ಕಿದ ಕಲ್ಲು. ಸುದ್ದಿ ಒಳ್ಳೆಯದೇ. ಕೊನೆಯ ಸಾಲು ಮಾತ್ರ ಕಿರಿಕಿರಿ ಮಾಡಿತು: ‘ಕಲ್ಲನ್ನು ಕಾರ್ಬನ್ ಡೇಟಿಂಗ್‌ಗೆ ಕಳಿಸಿದರೆ ನಿಖರ ಕಾಲ ತಿಳಿಯಲಿದೆ.’ ತಿಳಿಯುವುದಿಲ್ಲ. ಒಂದು ಕಾಲಕ್ಕೆ ಜೀವವಿದ್ದ ವಸ್ತುವಿನಲ್ಲಿ ಕಾರ್ಬನ್-14 ಎಷ್ಟು ಉಳಿದಿದೆ ಎಂದು ಅಳೆದು ವಯಸ್ಸು ಹೇಳುವುದು ಕಾರ್ಬನ್ ಡೇಟಿಂಗ್.

ನಾನು ಸಾಗರದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವಳು. ಪೇಪರ್ ಕಟಿಂಗನ್ನು ಕ್ಲಾಸಿಗೆ ಒಯ್ದು ಓದಿಸಿದೆ. ಒಬ್ಬರೂ ತಕರಾರು ಎತ್ತಲಿಲ್ಲ. ಅರ್ಧಾಯುಷ್ಯದ (ಇದ್ದದ್ದರಲ್ಲಿ ಅರ್ಧ ಕರಗಲು ಹಿಡಿಯುವ ಕಾಲ) ಸೂತ್ರವನ್ನು ನಿದ್ದೆಗಣ್ಣಲ್ಲೂ ಒಪ್ಪಿಸುವ ಮಕ್ಕಳು ಅವರು. ಈ ಪತ್ರ ಬರೆಯಲು ಅದೇ ಕಾರಣ.

ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನಲ್ಲಿ 6 ಪ್ರೋಟಾನ್ ಇದ್ದರೆ ಅದು ಕಾರ್ಬನ್. ಜೊತೆಗೆ 6 ನ್ಯೂಟ್ರಾನ್ ಇದ್ದರೆ ಕಾರ್ಬನ್-12, 8 ಇದ್ದರೆ ಕಾರ್ಬನ್-14. ನ್ಯೂಕ್ಲಿಯಸ್ಸಿನ ಹೊರಗಿರುವ ಎಲೆಕ್ಟ್ರಾನುಗಳು ಎರಡರಲ್ಲೂ ಆರೇ. ರಾಸಾಯನಿಕ ವ್ಯವಹಾರವೆಲ್ಲ ಈ ಎಲೆಕ್ಟ್ರಾನುಗಳದ್ದು. ಹಾಗಾಗಿ ಅಡಿಕೆ ಮರಕ್ಕೆ ಅದು, ಇದು ಅನ್ನುವ ಭೇದ ಅಷ್ಟಾಗಿ ಇಲ್ಲ. ಗಾಳಿಯಿಂದ ಎರಡನ್ನೂ ಎಳೆದುಕೊಳ್ಳುತ್ತದೆ. ವಾತಾವರಣದ ಮೇಲ್ಪದರದಲ್ಲಿ ಕಾಸ್ಮಿಕ್ ಕಿರಣಗಳಿಂದ ಎದ್ದ ನ್ಯೂಟ್ರಾನುಗಳು ಸಾರಜನಕಕ್ಕೆ ಬಡಿದು ಕಾರ್ಬನ್-14 ಹುಟ್ಟುತ್ತಲೇ ಇರುತ್ತದೆ. ಆದರೂ ಅದರ ಪಾಲು ತೀರಾ ಕಡಿಮೆ, ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಲ್ಲಿ ಸುಮಾರು ಒಂದು.

ಮರ ಬದುಕಿದ್ದಾಗ ಈ ಪಾಲು ಗಾಳಿಯಲ್ಲಿ ಇರುವಷ್ಟೇ ಇರುತ್ತದೆ. ಸತ್ತ ಮೇಲೆ ಹೊಸದು ಒಳಗೆ ಬರುವುದಿಲ್ಲ. ಇದ್ದದ್ದು ಕರಗುತ್ತಾ ಹೋಗುತ್ತದೆ. ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ, ಒಂದು ಎಲೆಕ್ಟ್ರಾನ್ ಹೊರಗೆ ಹಾರುತ್ತದೆ, ಕಾರ್ಬನ್ ಮತ್ತೆ ಸಾರಜನಕವಾಗುತ್ತದೆ. ಜೊತೆಗೆ ಆಂಟಿನ್ಯೂಟ್ರಿನೊ ಎಂಬ ಪುಟ್ಟ ಕಣವೂ ಹೊರಡುತ್ತದೆ. ಪರೀಕ್ಷೆಯಲ್ಲಿ ಅದನ್ನು ಬರೆಯಲು ಮರೆಯುವವರೇ ಜಾಸ್ತಿ! 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ, ಇನ್ನೊಂದು 5,730 ವರ್ಷಕ್ಕೆ ಕಾಲು.

ಇಲ್ಲೇ ಮಕ್ಕಳು ಎಡವುವುದು. ಎರಡು ಅರ್ಧಾಯುಷ್ಯ ಕಳೆದರೆ ಪೂರ್ತಿ ಖಾಲಿ ಅಂದುಕೊಳ್ಳುತ್ತಾರೆ. ಅದಕ್ಕೆ ನಾನು ಚೌಕಾಬಾರಕ್ಕೆ ಬಳಸುವಂಥ ಹುಣಸೆಬೀಜ ಒಯ್ಯುತ್ತೇನೆ. ಒಂದು ಮಗ್ಗುಲು ತೇಯ್ದು ಬಿಳಿ ಮಾಡಿದ ಬೀಜಗಳು. ಒಂದು ಪಾವಿನಷ್ಟನ್ನು ಮೇಜಿನ ಮೇಲೆ ಚೆಲ್ಲಿ ಬಿಳಿ ಮೇಲಾಗಿ ಬಿದ್ದದ್ದನ್ನೆಲ್ಲ ತೆಗೆದುಬಿಡಬೇಕು. ಉಳಿದದ್ದನ್ನು ಮತ್ತೆ ಚೆಲ್ಲಬೇಕು. ಪ್ರತಿ ಸಲವೂ ಹತ್ತಿರ ಹತ್ತಿರ ಅರ್ಧ ಹೋಗುತ್ತದೆ, ಆದರೆ ಯಾವ ಬೀಜ ಹೋಗುತ್ತದೆ ಅಂತ ಯಾರೂ ಹೇಳಲಾರರು. ನಾಲ್ಕು ಸಲ ಉಳಿದುಕೊಂಡ ಬೀಜ ಐದನೇ ಸಲ ಹೋಗಲೇಬೇಕು ಅಂತೇನೂ ಇಲ್ಲ. ಪರಮಾಣುವೂ ಹಾಗೇ, ಅದಕ್ಕೆ ಮುಪ್ಪಿಲ್ಲ. ಇಷ್ಟು ಆಡಿಸಿದ ಮೇಲೆ ಸೂತ್ರ ಬರೆದರೆ ಅರ್ಥವಾಗುತ್ತದೆ.

ಈಗ ಕಲ್ಲಿಗೆ ಬರೋಣ. ಕಲ್ಲು ಉಸಿರಾಡಿದ್ದಲ್ಲ, ಗಾಳಿಯ ಕಾರ್ಬನ್ ತಿಂದು ಬೆಳೆದದ್ದೂ ಅಲ್ಲ. ‘ಸುಣ್ಣದ ಕಲ್ಲಲ್ಲಿ ಕಾರ್ಬನ್ ಇದೆಯಲ್ಲ ಮೇಡಂ?’ ಅಂತ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ನನಗೆ ಖುಷಿಯಾಯಿತು. ಕಾರ್ಬನ್ ಇದೆ, ಆದರೆ ಕೋಟ್ಯಂತರ ವರ್ಷ ಹಳೆಯದು. ಈ ವಿಧಾನದ ಕೈಗೆ ಸಿಗುವುದು ಹೆಚ್ಚೆಂದರೆ 50,000 ವರ್ಷ. ಗಾರೆಯ ಕತೆ ಬೇರೆ. ಸುಣ್ಣದ ಗಾರೆ ಗಟ್ಟಿಯಾಗುವಾಗ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಹಳೇ ಕೋಟೆಗೋಡೆಯ ಗಾರೆಯನ್ನು ಪರೀಕ್ಷಿಸಬಹುದು, ಕಷ್ಟದ ಕೆಲಸ ಅಷ್ಟೆ.

ಹಾಗಾದರೆ ಬಂಡೆಗೆ ಬೇರೆ ಪರೀಕ್ಷೆ ಇಲ್ವಾ? ಇದೆ. ಯುರೇನಿಯಂ ಕರಗುತ್ತಾ ಕೊನೆಗೆ ಸೀಸವಾಗುತ್ತದೆ. ಬಂಡೆಯಲ್ಲಿರುವ ಜಿರ್ಕಾನ್ ಎಂಬ ಖನಿಜದ ಹರಳಿನೊಳಗೆ ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟು ಸೇರಿದೆ ಎಂದು ಅಳೆಯುತ್ತಾರೆ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ನಮ್ಮ ಶಿವಮೊಗ್ಗ ಸೀಮೆಯ ಹಳೇ ಬಂಡೆಗಳು 250 ಕೋಟಿ ವರ್ಷ ದಾಟಿದವು. ಅದು ಬಂಡೆ ಹುಟ್ಟಿದ ಕಾಲ. ಊರಿನ ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಯಾರೋ ಸತ್ತದ್ದು, ಮನೆಯವರು ಉಳಿ ಹಿಡಿಯುವವನನ್ನು ಕರೆಸಿದ್ದು, ಇದು ಯಾವುದೂ ಅದರಲ್ಲಿ ಸಿಗದು.

ವೀರಗಲ್ಲಿನ ಕಾಲ ಹೇಳುವುದು ಅಕ್ಷರ. ರಾಜನ ಹೆಸರು, ಶಕವರ್ಷ, ಲಿಪಿಯ ತಿರುವು, ಇವಿಲ್ಲದಿದ್ದರೆ ಶಿಲ್ಪದ ಶೈಲಿ. ಶಾಸನತಜ್ಞ ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಈ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದ್ದು ಹಾಗೇ ಓದಿ. ಆಗ ಕಾರ್ಬನ್ ಡೇಟಿಂಗ್ ಹುಟ್ಟಿಯೇ ಇರಲಿಲ್ಲ. ಈ ವಿಧಾನ ರೂಪಿಸಿದ ವಿಲ್ಲರ್ಡ್ ಲಿಬ್ಬಿಗೆ ಇದಕ್ಕಾಗಿ ನೊಬೆಲ್ ಬಂದದ್ದು 1960ರಲ್ಲಿ.

ಕಲ್ಲು ನೆಟ್ಟ ಗುಂಡಿಯ ತಳದಲ್ಲಿ, ಕದಲದ ಮಣ್ಣಿನಲ್ಲಿ ಇದ್ದಿಲು ಸಿಕ್ಕರೆ ಆಗ ಲ್ಯಾಬಿಗೆ ಕಳಿಸಿ. ಮರದ ಇದ್ದಿಲಿಗಿಂತ ಸುಟ್ಟ ಭತ್ತದ ಕಾಳು ಮೇಲು. ಭತ್ತ ಒಂದೇ ಬೆಳೆಯದ್ದು. ಮರದ ತಿರುಳಿಗೆ ಹೊಸ ಕಾರ್ಬನ್ ಸೇರುವುದು ಮರ ಬದುಕಿರುವಾಗಲೇ ನಿಂತಿರುತ್ತದೆ, ಅದು ಕಡಿಯುವ ಹೊತ್ತಿಗೇ ನೂರಾರು ವರ್ಷ ಹಳೆಯದಿರಬಹುದು. ಕಾಳು 850 ವರ್ಷ ಹಳೆಯದಾಗಿದ್ದರೆ ಅದರಲ್ಲಿ ಮೂಲದ ಸುಮಾರು ಶೇ. 90ರಷ್ಟು ಕಾರ್ಬನ್-14 ಇನ್ನೂ ಇರುತ್ತದೆ.

ನಿಮ್ಮ ವರದಿಗಾರರಲ್ಲಿ ಒಂದು ವಿನಂತಿ. ಯಾರಾದರೂ ‘ಕಾರ್ಬನ್ ಡೇಟಿಂಗ್’ ಅಂದ ಕೂಡಲೇ ‘ಯಾವ ವಸ್ತುವಿಗೆ?’ ಅಂತ ಕೇಳಿ. ವಿದ್ಯಾರ್ಥಿ ಪುಟದಲ್ಲಿ ಈ ಲೆಕ್ಕವನ್ನೂ ಹಾಕಿ: ಇದ್ದಿಲಿನಲ್ಲಿ ಕಾರ್ಬನ್-14 ಮೂಲದ ಕಾಲು ಭಾಗ ಉಳಿದಿದೆ, ವಯಸ್ಸೆಷ್ಟು? ಅದರ ಕೆಳಗೆ ಇನ್ನೊಂದು ಪ್ರಶ್ನೆ: ಇದೇ ಲೆಕ್ಕವನ್ನು ವೀರಗಲ್ಲಿಗೆ ಯಾಕೆ ಮಾಡಬಾರದು? ಎರಡನೆಯದಕ್ಕೆ ಅಂಕ ಜಾಸ್ತಿ ಇಡಿ.

ಭೌತಶಾಸ್ತ್ರ ಉಪನ್ಯಾಸಕಿ, ಸಾಗರ